'ನೊ' ಅಂದರೆ ಬೇಡ ಅಂತಲ್ಲ: ರೊಮೇನಿಯಾದ ಊರೂರಲ್ಲಿ ಮಾತು ತೆಗೆಯುವ ಬಗೆ

ಪ್ರಶ್ನೆ: ನಾನು ಹುಬ್ಬಳ್ಳಿಯವ. ಕೆಲಸದ ಮೇಲೆ ರೊಮೇನಿಯಾದ ಕ್ಲುಜ್ ನಗರಕ್ಕೆ ಬಂದು ಏಳು ತಿಂಗಳಾಯಿತು. ಬರುವ ಮುಂಚೆ ಮೊಬೈಲ್ ಆ್ಯಪ್‌ನಲ್ಲಿ ರೊಮೇನಿಯನ್ ಕಲಿತಿದ್ದೆ. ಇಲ್ಲಿ ಯಾರೂ ಆ ಪಾಠದ ಹಾಗೆ ಮಾತು ಶುರು ಮಾಡುವುದಿಲ್ಲ. ನಮ್ಮ ತಂಡದ ಹಿರಿಯರೊಬ್ಬರು ಬಾಯಿ ತೆರೆದರೆ ಮೊದಲು 'ನೊ' ಅನ್ನುತ್ತಾರೆ. ನಾನು ಹೇಳಿದ್ದನ್ನೆಲ್ಲ ಬೇಡ ಅನ್ನುತ್ತಿದ್ದಾರೆ ಅಂತ ಮೊದಲ ತಿಂಗಳು ಒದ್ದಾಡಿಬಿಟ್ಟೆ. ಆಫೀಸಿನಲ್ಲಿ ಎಲ್ಲರೂ 'ಸೆರ್ವುಸ್' ಅನ್ನುವುದನ್ನು ಕೇಳಿ, ಕೆಳಗಿನ ಮನೆಯ ಎಪ್ಪತ್ತು ದಾಟಿದ ಅಜ್ಜಿಗೂ 'ಸೆರ್ವುಸ್' ಅಂದೆ. ಅವರು ಸುಮ್ಮನೆ ತಲೆಯಾಡಿಸಿ ಬಾಗಿಲು ಹಾಕಿಕೊಂಡರು. ಮುಂದಿನ ತಿಂಗಳು ಕ್ರಯೋವಾ, ಯಾಶ್ ಊರುಗಳಿಗೆ ಹೋಗಬೇಕಿದೆ. ಎಲ್ಲಿ, ಯಾರಿಗೆ, ಏನಂತ ಮಾತು ತೆಗೆಯಲಿ?

ಉತ್ತರ: ನಿಮ್ಮ 'ನೊ'ದಿಂದಲೇ ಶುರು ಮಾಡುತ್ತೇನೆ. ಒಂದು ತಿಂಗಳು ನೀವು ಪಟ್ಟ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ರೊಮೇನಿಯನ್‌ನಲ್ಲಿ ಇಲ್ಲ, ಬೇಡ ಅನ್ನುವುದಕ್ಕೆ ಇರುವ ಪದ 'ನು'. ನಿಮ್ಮ ಹಿರಿಯರು ಅನ್ನುವ 'ನೊ' ಅದಲ್ಲವೇ ಅಲ್ಲ. ಅದು ನಿಮ್ಮ ಕ್ಲುಜ್ ಇರುವ ಟ್ರಾನ್ಸಿಲ್ವೇನಿಯಾ ಪ್ರಾಂತ್ಯದ ಮಾತಿನ ಹೊಸ್ತಿಲು. ಹುಬ್ಬಳ್ಳಿ ಕಡೆ 'ಹಾಂ, ಮತ್ತ?' ಅಂತೀರಲ್ಲ, 'ಹೂಂ, ನಡೀರಿ' ಅಂತೀರಲ್ಲ, ಆ 'ಹಾಂ', 'ಹೂಂ' ಮಾಡುವ ಕೆಲಸವನ್ನೇ ಅಲ್ಲಿ 'ನೊ' ಮಾಡುತ್ತದೆ. 'ನೊ, ಚೆ ಫಾಚ್?' ಅಂದರೆ 'ಹಾಂ, ಮತ್ತ, ಹೆಂಗದೀಯಪಾ?'. 'ನೊ, ಹಾಯ್' ಅಂದರೆ 'ಹೂಂ, ನಡಿ'. 'ನೊ, ಬಿನೆ' ಅಂದರೆ 'ಆತು, ಛಲೋ ಆತು'. 'ನೊ, ಗಾತಾ' ಅಂದರೆ 'ಹೂಂ, ಮುಗೀತು'. ಫೋನ್ ಇಡುವಾಗಲೂ 'ನೊ, ಸೆರ್ವುಸ್'. ಮಾತು ತೆಗೆಯುವುದಕ್ಕೂ ಅದೇ, ತಿರುಗಿಸುವುದಕ್ಕೂ ಅದೇ, ಮುಗಿಸುವುದಕ್ಕೂ ಅದೇ. ಅರ್ಥವೆಲ್ಲ ಇರುವುದು ಎಳೆತದಲ್ಲಿ. ಚಿಕ್ಕದಾಗಿ ಕಡಿದರೆ 'ಹೇಳು, ಕೇಳುತ್ತಿದ್ದೇನೆ'. ಉದ್ದ ಎಳೆದು ಇಳಿಸಿದರೆ 'ಏನು ಮಾಡೋದು, ಹಿಂಗಾತಲ್ಲ'. ಕೊನೆಗೆ ದನಿ ಏರಿಸಿದರೆ 'ಏನಾತು, ಹೇಳಪಾ?'.

ಇದೇ ಅರ್ಥದ 'ನೊ', 'ನಾ' ಹಂಗೇರಿಯನ್‌ನಲ್ಲೂ ಇದೆ, ಜರ್ಮನ್‌ನಲ್ಲೂ 'ನಾ' ಇದೆ. ಟ್ರಾನ್ಸಿಲ್ವೇನಿಯಾದಲ್ಲಿ ರೊಮೇನಿಯನ್ನರು, ಹಂಗೇರಿಯನ್ನರು, ಸ್ಯಾಕ್ಸನ್ ಜರ್ಮನರು ನೂರಾರು ವರ್ಷ ಒಂದೇ ಸಂತೆಯಲ್ಲಿ ಕೊಂಡು ಮಾರಿದವರು. ಸಂತೆಯಲ್ಲಿ ವ್ಯಾಕರಣ ಕೈಬದಲಾಗುವುದಕ್ಕಿಂತ ಮುಂಚೆ ಇಂಥ ಚಿಕ್ಕ ಪದಗಳು ಕೈಬದಲಾಗುತ್ತವೆ. ಬೆಳಗಾವಿ, ಧಾರವಾಡದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟ್ರಾನ್ಸಿಲ್ವೇನಿಯಾದವರು ನಿಧಾನದವರು ಅನ್ನುವ ಮಾತು ರೊಮೇನಿಯಾ ತುಂಬ ಇದೆ. ನಿಧಾನವೋ ಅಲ್ಲವೋ, ಮಾತಿಗೆ ಮುಂಚೆ ಒಂದು ಉಸಿರು ಬಿಡುವ ರೂಢಿಯಂತೂ ಇದೆ, ಆ ಉಸಿರಿನ ಹೆಸರು 'ನೊ'. ನಿಮ್ಮ ಹಿರಿಯರು ಇಷ್ಟು ದಿನ ನಿಮಗೆ 'ಹಾಂ, ಹೇಳ್ರಿ' ಅನ್ನುತ್ತಿದ್ದರು.

ಇನ್ನು 'ಸೆರ್ವುಸ್'. ಇದು ಅಚ್ಚ ಲ್ಯಾಟಿನ್ ಪದ. ಅರ್ಥ ದಾಸ, ಸೇವಕ. 'ನಾನು ನಿಮ್ಮ ಸೇವಕ' ಅನ್ನುವ ಉದ್ದದ ವಿನಯದ ಮಾತು ಸವೆದು ಒಂದೇ ಪದ ಉಳಿಯಿತು. ನಿಮ್ಮ ಕಡೆಯ 'ಶರಣ್ರೀ' ನೆನಪಿಗೆ ಬಂದರೆ ತಪ್ಪಿಲ್ಲ, ಎರಡೂ ತಲೆ ಬಾಗಿಸಿ ಶುರುವಾದ ಮಾತುಗಳೇ. ಆದರೆ ಮುಂದೆ ಅವು ಹಿಡಿದ ದಾರಿ ಬೇರೆ. 'ಶರಣ್ರೀ' ಇವತ್ತಿಗೂ ಗೌರವದ ಮಾತು. 'ಸೆರ್ವುಸ್' ಸಲಿಗೆಯ ಮಾತಾಗಿಬಿಟ್ಟಿದೆ. ಅದನ್ನು ಬಳಸುವುದು ಗೆಳೆಯರು, ಸಹೋದ್ಯೋಗಿಗಳು, ಓರಗೆಯ ನೆಂಟರು, ಅಂದರೆ 'ತು' ಅಂತ ಏಕವಚನದಲ್ಲಿ ಮಾತಾಡುವವರು ಮಾತ್ರ. ಬರುವಾಗಲೂ ಅದೇ, ಹೊರಡುವಾಗಲೂ ಅದೇ. ನಿಮ್ಮ ಕೆಳಮನೆಯ ಅಜ್ಜಿಗೆ ನೀವು ಅಂದದ್ದು ಹೆಚ್ಚುಕಡಿಮೆ 'ಏನ್ ದೋಸ್ತ್, ಆರಾಮಾ?' ಅಂದಹಾಗಾಯಿತು. ಅವರು ಬಾಗಿಲು ಹಾಕಿಕೊಂಡದ್ದು ಸಿಟ್ಟಿನಿಂದಲೇ ಇರಬೇಕೆಂದಿಲ್ಲ, ಆ ಮಾತಿಗೆ ಏನಂತ ಮರುಮಾತು ಕೊಡಬೇಕೋ ಅವರಿಗೂ ತೋಚಿರಲಿಕ್ಕಿಲ್ಲ.

'ಸೆರ್ವುಸ್' ಕೇಳಿಸುವ ಊರುಗಳನ್ನೆಲ್ಲ ನಕ್ಷೆಯಲ್ಲಿ ಗುರುತು ಮಾಡಿ ನೋಡಿ. ಕ್ಲುಜ್, ಒರಾದಿಯಾ, ಸಿಬಿಯು, ಆಮೇಲೆ ಗಡಿಯಾಚೆ ಹಂಗೇರಿ, ಸ್ಲೊವಾಕಿಯಾ, ಆಸ್ಟ್ರಿಯಾ, ಅಲ್ಲಿಂದ ಮುಂದೆ ಜರ್ಮನಿಯ ಬವೇರಿಯಾ. ಬವೇರಿಯಾ ಬಿಟ್ಟರೆ ಉಳಿದದ್ದು ವಿಯೆನ್ನಾದಿಂದ ಆಳಿದ ಹಳೆಯ ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯದ ನಕ್ಷೆಯೇ. 1918ರ ಡಿಸೆಂಬರ್ 1ರಂದು ಆಲ್ಬಾ ಯೂಲಿಯಾದಲ್ಲಿ ಸೇರಿದ ಜನ ರೊಮೇನಿಯಾ ಜೊತೆ ಕೂಡುವುದಾಗಿ ಸಾರುವ ತನಕ ಟ್ರಾನ್ಸಿಲ್ವೇನಿಯಾ ಆ ಸಾಮ್ರಾಜ್ಯದ ಭಾಗವಾಗಿತ್ತು. ಸಾಮ್ರಾಜ್ಯ ಹೋಗಿ ನೂರು ವರ್ಷ ದಾಟಿದೆ, ಅದರ ನಮಸ್ಕಾರ ಮಾತ್ರ ಹೋಗಿಲ್ಲ. ಕಾರ್ಪೇಥಿಯನ್ ಬೆಟ್ಟ ದಾಟಿ ದಕ್ಷಿಣಕ್ಕೆ ಇಳಿದರೆ 'ಸೆರ್ವುಸ್' ತೆಳ್ಳಗಾಗುತ್ತ ಹೋಗುತ್ತದೆ. ಬುಖಾರೆಸ್ಟ್‌ನಲ್ಲಿ ಯಾರಾದರೂ ಅಂದರೆ 'ನೀವು ಬೆಟ್ಟದಾಚೆಯವರಾ?' ಅಂತ ಕೇಳಿಯಾರು.

ಪಶ್ಚಿಮದ ಬನಾತ್‌ನಲ್ಲಿ, ತಿಮಿಶ್ವಾರಾದ ಸುತ್ತ, 'ಸೆರ್ವುಸ್' ಪಕ್ಕದಲ್ಲೇ 'ಚಾವ್' ಇದೆ. ಇದು ಇಟಲಿಯ ಮಾತು, ಮೂಲದಲ್ಲಿ ವೆನಿಸ್ ಕಡೆಯದು. ಅದರ ಮೂಲಾರ್ಥವೂ ದಾಸ ಅಂತಲೇ. ಒಂದೇ ಬೀದಿಯಲ್ಲಿ ಎರಡು ದಿಕ್ಕಿನಿಂದ ಬಂದ ಇಬ್ಬರು ದಾಸರು ಎದುರಾದ ಹಾಗೆ. ಬನಾತ್‌ನವರನ್ನು ಗುರುತಿಸಲು ಇನ್ನೊಂದು ಗುಟ್ಟಿದೆ. ಅಣ್ಣ, ತಮ್ಮ ಅನ್ನುವುದಕ್ಕೆ ಉಳಿದವರು 'ಫ್ರಾತೆ' ಅಂದರೆ ಇವರ ಬಾಯಲ್ಲಿ ಅದು 'ಫ್ರಾಚೆ' ಆಗುತ್ತದೆ. ಎ, ಇ ಸ್ವರಗಳ ಮುಂದೆ 'ತ' ಮೆತ್ತಗಾಗಿ 'ಚ'ದ ಹತ್ತಿರ ಜಾರುತ್ತದೆ. 'ಮ ಫ್ರಾಚೆ' ಅಂತ ಯಾರಾದರೂ ಮಾತು ತೆಗೆದರೆ ಅವರ ಊರು ಕೇಳುವುದೇ ಬೇಡ.

ಇಲ್ಲಿ ಒಂದು ಮಾತು ಹೇಳಬೇಕು, ನನ್ನ ಉತ್ತರದ ತಿರುಳು ಇದರಲ್ಲೇ ಇದೆ. ಮಾತು ತೆಗೆಯುವ ಪದಕ್ಕೆ ಎರಡು ಹೊರೆ ಇರುತ್ತದೆ. ಒಂದು ಊರಿನದು, ಇನ್ನೊಂದು ನಂಟಿನದು. ಹೊಸಬರು ಊರಿನ ಕಡೆಗೇ ಕಿವಿ ಕೊಡುತ್ತಾರೆ. ಕ್ಲುಜ್‌ನಲ್ಲಿದ್ದೇನೆ, ಆದ್ದರಿಂದ 'ಸೆರ್ವುಸ್' ಅನ್ನಬೇಕು ಅಂದುಕೊಳ್ಳುತ್ತಾರೆ. ಊರಿನ ಪದ ತಪ್ಪಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಪರದೇಶದವರು ಅಂತ ನಕ್ಕು ಬಿಡುತ್ತಾರೆ. ನಂಟಿನ ಪದ ತಪ್ಪಿದರೆ ಮನಸ್ಸಿಗೆ ನಾಟುತ್ತದೆ. ಕನ್ನಡ ಆಡುವವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಹುಬ್ಬಳ್ಳಿಯಲ್ಲಿ 'ರೀ' ಬಿಟ್ಟು ಹಿರಿಯರನ್ನು ಮಾತಾಡಿಸಿದರೆ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಆ್ಯಪ್ ಮೂಲಕ ಕಲಿಯುವಾಗ ಆ ಎಚ್ಚರ ಮಲಗಿಬಿಡುತ್ತದೆ, ಅಷ್ಟೇ.

ನಿಮ್ಮ 'ರೀ' ರೊಮೇನಿಯನ್‌ನಲ್ಲಿ ಕ್ರಿಯಾಪದದ ಬಾಲದಲ್ಲಿದೆ. 'ಚೆ ಮಾಯ್ ಫಾಚ್' ಅಂದರೆ 'ಮತ್ತೆ ಹೇಗಿದ್ದೀಯ', 'ಚೆ ಮಾಯ್ ಫಾಚೆತ್ಸ್' ಅಂದರೆ 'ಮತ್ತೆ ಹೇಗಿದ್ದೀರಿ'. ಕೊನೆಯ ಆ 'ತ್ಸ್' ಕೇಳಿಸಿತೋ, ಅದೇ 'ರೀ'. ಸರ್ವನಾಮ ಮೂರು ಮೆಟ್ಟಿಲಿನದು. ಕೆಳಗೆ 'ತು', ಮೇಲೆ 'ದುಮ್ನ್ಯಾವ್ವಾಸ್ತ್ರ', ನಡುವೆ 'ದುಮ್ನ್ಯಾತಾ'. ಈ ನಡುವಿನದು ಮೊದಲು 'ನಿನ್ನ ಒಡೆತನ' ಎನ್ನುವಂಥ ಮಾತಾಗಿತ್ತು, ತಮ್ಮ, ತಾವು ಅನ್ನುವ ಜಾತಿಯದು. ಹಳ್ಳಿಯಲ್ಲಿ ಮಕ್ಕಳು ತಂದೆತಾಯಿಗೆ, ನೆರೆಯ ಹಿರಿಯರಿಗೆ ಇದನ್ನು ಬಳಸಿದಾಗ ಅದರಲ್ಲಿ ಗೌರವ, ಅಕ್ಕರೆ ಎರಡೂ ಇರುತ್ತವೆ. ಪೂರ್ವದ ಮೊಲ್ದೊವಾ ಪ್ರದೇಶದಲ್ಲಿ ಅದು 'ಮಾತಾ', 'ಮತಾಲೆ' ಆಗಿ ಇನ್ನಷ್ಟು ಮೆತ್ತಗಾಗುತ್ತದೆ. ಆದರೆ ನಗರದ ಆಫೀಸಿನಲ್ಲಿ ಹೊಸಬರು 'ದುಮ್ನ್ಯಾತಾ' ಅಂದರೆ ಮೇಲಿನಿಂದ ಮಾತಾಡಿಸಿದ ಹಾಗೆ ಕೇಳಿಸಬಹುದು. ನೀವು ಸದ್ಯ ಮೇಲಿನ ಮತ್ತು ಕೆಳಗಿನ ಮೆಟ್ಟಿಲಲ್ಲೇ ಓಡಾಡಿ.

ಈಗ ನೀವು ಹೋಗುವ ಊರುಗಳಿಗೆ ಬರೋಣ. ಮೊದಲು ಕ್ರಯೋವಾ, ಅಂದರೆ ನೈಋತ್ಯದ ಓಲ್ತೇನಿಯಾ ಪ್ರಾಂತ್ಯ. ನನಗೆ ತುಂಬ ಇಷ್ಟದ ಮಾತು ಅಲ್ಲಿಯದು.

ಎಲ್ಲ ಕಡೆ 'ಏನು ಮಾಡಿದೆ?' ಅನ್ನುವುದಕ್ಕೆ ಎರಡು ತುಂಡಿನ ಕ್ರಿಯಾಪದ ಬಳಸುತ್ತಾರೆ: 'ಚೆ ಆಯ್ ಫಕುತ್'. ಓಲ್ತೇನಿಯಾದಲ್ಲಿ ಒಂದೇ ತುಂಡು: 'ಚೆ ಫಕುಶ್?'. ಉಳಿದ ಹೆಚ್ಚಿನ ಕಡೆ ಈ ಚಿಕ್ಕ ರೂಪವನ್ನು ಕಥೆ, ಕಾದಂಬರಿ ಓದುವಾಗ ಮಾತ್ರ ಕಾಣುತ್ತಾರೆ. ಕ್ರಯೋವಾದ ಸಂತೆಯಲ್ಲಿ ಅದು ದಿನಬಳಕೆಯದು. ಅದರಲ್ಲೂ ಒಂದು ಸೂಕ್ಷ್ಮ ಇದೆ. ಇವತ್ತೇ, ಈಗಷ್ಟೇ ಆದ ಕೆಲಸಕ್ಕೆ ಈ ರೂಪ. ನಿನ್ನೆ ಮೊನ್ನೆಯದಕ್ಕೆ ಎರಡು ತುಂಡಿನದು. ಹಾಗಾಗಿ ಬೇಲಿಯ ಆಚೆಯಿಂದ 'ಚೆ ಫಕುಶ್, ನ್ಯಾ ಇವಾನೆ?' ಅಂತ ಒಬ್ಬರು ಕೂಗಿದರೆ, ಬೆಳಗಿನಿಂದ ಈವರೆಗೆ ಏನೇನು ನಡೆಯಿತು ಅಂತ ಕೇಳಿದ ಹಾಗೆ. 'ವೆನಿಶ್?' ಅಂದರೆ 'ಬಂದ್ಯಾ?'. 'ಮಿಂಕಾಶ್?' ಅಂದರೆ 'ಉಂಡ್ಯಾ?'. ಅದಕ್ಕೆ ಉತ್ತರ 'ಮಿಂಕಾಯ್', ಅಂದರೆ 'ಉಂಡೆ'. ಈ ಚಿಕ್ಕತನ ಕನ್ನಡದ ಕಿವಿಗೆ ಎಷ್ಟು ಹತ್ತಿರ ನೋಡಿ. 'ಉಂಡಿದ್ದೇನೆ' ಅಂತ ಪುಸ್ತಕದಲ್ಲಿ ಬರೆಯುತ್ತೇವೆ, ಕಟ್ಟೆಯ ಮೇಲೆ ಕೂತವರಿಗೆ 'ಉಂಡೆ' ಅಂದರೆ ಸಾಕು.

ಗೌರವ ಬೇಕಾದಲ್ಲಿ ಬಾಲ ಬದಲಾಗುತ್ತದೆ: 'ಚೆ ಫಕುರತ್ಸ್?', 'ವೆನಿರತ್ಸ್?'. ಮತ್ತೆ ಅದೇ 'ತ್ಸ್'. ಹೆಸರಿನ ಮುಂದಿನ 'ನ್ಯಾ' ನಮ್ಮ 'ಅಣ್ಣ', 'ಕಾಕಾ' ಇದ್ದ ಹಾಗೆ, ನಿಮಗಿಂತ ದೊಡ್ಡವರಾದ ಗಂಡಸಿಗೆ. 'ನೆನೆ' ಅದರ ಉದ್ದದ ರೂಪ. ಇನ್ನು ಹೆಸರಿನ ಕೊನೆಗೆ 'ಎ' ಹತ್ತಿ 'ಇವೋನ್' ಅನ್ನುವವರು 'ಇವಾನೆ' ಆದದ್ದು ಕಂಡಿರಬೇಕು. ಕರೆಯುವುದಕ್ಕೆಂದೇ ಹೆಸರಿನ ರೂಪ ಬದಲಾಗುವುದು ಲ್ಯಾಟಿನ್‌ನಿಂದ ಬಂದ ಭಾಷೆಗಳಲ್ಲಿ ಅಪರೂಪ, ರೊಮೇನಿಯನ್ ಅದನ್ನು ಉಳಿಸಿಕೊಂಡಿದೆ. ನಾವೂ ರಾಮನನ್ನು ಕರೆಯುವಾಗ 'ರಾಮಾ' ಅಂತ ಎಳೆಯುವವರೇ, ಆದ್ದರಿಂದ ನಿಮಗೆ ಇದು ಕಷ್ಟವಾಗಲಿಕ್ಕಿಲ್ಲ.

ಓಲ್ತೇನಿಯಾದ ಈ ರೂಪಗಳನ್ನು ಅರ್ಥ ಮಾಡಿಕೊಳ್ಳಿ, ಉತ್ತರ ಕೊಡುವಾಗ ಬಾಯಿಗೆ ಬಂದರೆ ಬರಲಿ, ಆದರೆ ನೀವಾಗಿ ಮೊದಲು ಬಳಸಬೇಡಿ ಅಂತ ನನ್ನ ಸಲಹೆ. ರೊಮೇನಿಯಾದಲ್ಲಿ ಓಲ್ತೇನಿಯಾದವರನ್ನು ಅಣಕಿಸುವವರೆಲ್ಲ ಮೊದಲು ಹಿಡಿಯುವುದು ಇದೇ ರೂಪವನ್ನು. ಆ ಅಣಕ ಕೇಳಿ ಕೇಳಿ ದಣಿದವರು ಅವರು. ನಿಮ್ಮ ಬಾಯಲ್ಲೂ ಅದು ಅಣಕವಾಗಿ ಕೇಳಿಸಬಾರದಲ್ಲ. ಧಾರವಾಡದ ಮಾತನ್ನು ಸಿನಿಮಾ ಹಾಸ್ಯಕ್ಕೆ ಎಳೆದಾಗ ನಿಮಗೆ ಆಗುವ ಬೇಸರವನ್ನು ನೆನೆದರೆ ಸಾಕು.

ಯಾಶ್ ಇರುವುದು ದೇಶದ ಈಶಾನ್ಯದಲ್ಲಿ, ಮೊಲ್ದೊವಾ ಪ್ರದೇಶದಲ್ಲಿ. ಅಲ್ಲಿ ನಿಮಗೆ ಹೊಸ ಪದಕ್ಕಿಂತ ಹಳೆಯ ಪದದ ಹೊಸ ದನಿ ತೊಡಕಾಗುತ್ತದೆ. 'ಚ' ಅನ್ನುವ ಕಡೆ 'ಶ', ಕೊನೆಯ 'ಎ' ಇದ್ದ ಕಡೆ 'ಇ'. 'ಚೆ ಮಾಯ್ ಫಾಚ್?' ಅಲ್ಲಿ 'ಶಿ ಮಾಯ್ ಫಾಶ್?' ಆಗುತ್ತದೆ. ತೊಂದರೆ ಏನೆಂದರೆ, ಪುಸ್ತಕದ ರೊಮೇನಿಯನ್‌ನಲ್ಲಿ 'ಶಿ' ಅಂದರೆ 'ಮತ್ತು'. ಕಲಿತವರ ಕಿವಿ 'ಮತ್ತು...' ಅಂತ ಹಿಡಿದು ಮುಂದಿನ ವಾಕ್ಯಕ್ಕೆ ಕಾಯುತ್ತ ನಿಂತುಬಿಡುತ್ತದೆ. ಎದುರಿನವರು ಉತ್ತರಕ್ಕೆ ಕಾಯುತ್ತಿರುತ್ತಾರೆ. ಇಬ್ಬರೂ ನಗುಮುಖದಲ್ಲಿ ಸುಮ್ಮನೆ ನಿಂತಿರುವುದನ್ನು ನಾನು ರೈಲಿನ ಡಬ್ಬಿಯಲ್ಲಿ ಕಂಡಿದ್ದೇನೆ. ಹಳ್ಳಿಯ ಹಿರಿಯರ ಬಾಯಲ್ಲಿ 'ಬಿನೆ', ಅಂದರೆ ಚೆನ್ನಾಗಿ, 'ಗಿನಿ' ಆಗಿಬಿಡುತ್ತದೆ. ತುಟಿಯ 'ಬ' ನಾಲಿಗೆಯ ಹಿಂದಕ್ಕೆ ಸರಿದು 'ಗ' ಆಯಿತು. ಕನ್ನಡದ 'ಪ' ಸವೆದು 'ಹ' ಆದ ದಾರಿ ಬೇರೆ, ಆದರೂ ತುಟಿಯ ಅಕ್ಷರಕ್ಕೆ ತುಟಿ ಬಿಟ್ಟುಹೋಗುವ ಚಾಳಿ ನಮಗೆ ಹೊಸದಲ್ಲ. ಯಾಶ್ ನಗರದ ಓದಿದ ಮಂದಿ ಇಷ್ಟು ದೂರ ಹೋಗುವುದಿಲ್ಲ, ದನಿಯ ಇಂಪು ಮಾತ್ರ ಉಳಿಸಿಕೊಂಡಿರುತ್ತಾರೆ. ಅಲ್ಲಿ ಹಳ್ಳಿಯ ಹಿರಿಯ ಗಂಡಸಿಗೆ 'ನ್ಯಾ' ಬದಲು 'ಬಾದೆ' ಅನ್ನುವುದನ್ನೂ ಕೇಳಬಹುದು. ಬನಾತ್‌ನಲ್ಲಿ ಅದೇ ಜಾಗಕ್ಕೆ 'ಉಯ್ಕಾ' ಇದೆ, ಅದು ನೆರೆಯ ಸರ್ಬಿಯನ್‌ನಿಂದ ಬಂದದ್ದು, ಸೋದರಮಾವ ಅಂತ. ಪ್ರುತ್ ನದಿ ದಾಟಿ ನೆರೆಯ ದೇಶವಾದ ಮೊಲ್ದೊವಾ ಗಣರಾಜ್ಯಕ್ಕೆ ಹೋದರೆ ಗೆಳೆಯರು 'ನೊರೋಕ್' ಅಂತ ಕೈ ಕುಲುಕುತ್ತಾರೆ.

'ನೊರೋಕ್' ಅಂದರೆ ಅದೃಷ್ಟ. ರೊಮೇನಿಯಾದಲ್ಲಿ ಎಲ್ಲ ಕಡೆ ಗ್ಲಾಸ್ ಎತ್ತುವಾಗ ಅನ್ನುವ ಮಾತು ಅದು, ಯಾರಾದರೂ ಸೀನಿದರೂ ಅದನ್ನೇ ಅನ್ನುತ್ತಾರೆ. ಟ್ರಾನ್ಸಿಲ್ವೇನಿಯಾದ ಗಂಡಸರಲ್ಲಿ ನಮಸ್ಕಾರಕ್ಕೂ ಬರುತ್ತದೆ. ಝಿಯು ಕಣಿವೆಯ ಕಲ್ಲಿದ್ದಲು ಗಣಿಗಳಲ್ಲಿ, ಪೆತ್ರೊಶಾನ್ ಸುತ್ತ, ಅದು 'ನೊರೋಕ್ ಬುನ್', ಒಳ್ಳೆಯ ಅದೃಷ್ಟ. ಜರ್ಮನ್ ಗಣಿಗಾರರ ನಮಸ್ಕಾರದ ಅಚ್ಚಿನಲ್ಲೇ ಎರಕ ಹೊಯ್ದ ಮಾತು. ನೆಲದ ಕೆಳಗೆ ಇಳಿಯುವವರು ಒಬ್ಬರಿಗೊಬ್ಬರು ಶುಭದಿನ ಹೇಳುವುದಕ್ಕಿಂತ ಅದೃಷ್ಟ ಹಾರೈಸುವುದು ಸಹಜ.

ದಾರಿಯಲ್ಲಿ ಬುಖಾರೆಸ್ಟ್‌ನಲ್ಲಿ ಇಳಿದರೆ ಮಾತಿನ ವೇಗ ಒಮ್ಮೆಲೇ ಏರುತ್ತದೆ. ಅಲ್ಲಿ 'ಪಯ್' ಜಾಸ್ತಿ, 'ಆಮೇಲೆ' ಅನ್ನುವ ಪದ ಸವೆದು ಆದದ್ದು, ನಮ್ಮ 'ಅಲ್ಲಾ, ಮತ್ತೆ...' ಇದ್ದಹಾಗೆ. 'ಯಾ ಜ಼ೀ, ನೆನೆ' ಅಂದರೆ 'ಹೇಳಪ್ಪ'. 'ಬ' ಅನ್ನುವ ಒಂದೇ ಅಕ್ಷರದ ಕರೆಯೂ ಇದೆ, ನಮ್ಮ 'ಲೇ', 'ಲೋ' ಇದ್ದಹಾಗೆ. ಗೆಳೆಯರ ನಡುವೆ ಸರಿ, ಅಪರಿಚಿತರಿಗೆ ಅಂದರೆ ಜಗಳಕ್ಕೆ ಕರೆದ ಹಾಗೆ. ಹೆಂಗಸರಿಗೆ ಅನ್ನುವ 'ಫ' ಅಂತೂ ನಿಮ್ಮ ಬಾಯಲ್ಲಿ ಎಂದೂ ಬರಬಾರದು. 'ಮಯ್' ಸ್ವಲ್ಪ ಮೆದು. 'ಬ್ರೆ' ಪೂರ್ವದ ಕಡೆಯದು, ತುರ್ಕಿ, ಗ್ರೀಕ್, ಸರ್ಬಿಯನ್ ಎಲ್ಲದರಲ್ಲೂ ಇರುವ ಪದ. ಇವನ್ನೆಲ್ಲ ಕೇಳಿ ಗುರುತಿಸಿದರೆ ಸಾಕು. ಪೊಲೀಸರಿಗೆ, ಮೇಲಧಿಕಾರಿಗೆ ದಕ್ಷಿಣದಲ್ಲಿ 'ಸ ತ್ರಯಿತ್ಸ್' ಅನ್ನುವುದುಂಟು. 'ಬಾಳಿ' ಅಂತ ಅದರ ಅರ್ಥ, ಸೈನ್ಯದ ವಾಸನೆ ಇರುವ ಮಾತು.

ಗುರುತಿಲ್ಲದವರನ್ನು ಬೀದಿಯಲ್ಲಿ ಮಾತಾಡಿಸುವುದು ಹೇಗೆ ಅಂತ ನೀವು ಕೇಳಲಿಲ್ಲ, ಆದರೆ ನಿಮಗೆ ದಿನಾ ಬೇಕಾಗುವುದು ಅದೇ. ಆ್ಯಪ್‌ಗಳು 'ಕ್ಷಮಿಸಿ' ಅಂತ ಶುರು ಮಾಡಿಸುತ್ತವೆ. ರೊಮೇನಿಯಾದ ಬಸ್ ನಿಲ್ದಾಣದಲ್ಲಿ ನಿಜವಾಗಿ ಕೇಳುವ ಮಾತು 'ನು ವ ಸುಪರಾತ್ಸ್'. ಅಕ್ಷರಶಃ 'ಬೇಜಾರು ಮಾಡ್ಕೋಬೇಡಿ'. ನಾವು 'ಬೇಜಾರಾಗಬ್ಯಾಡ್ರಿ, ಸ್ಟೇಷನ್ ಎಲ್ಲಿ ಬರ್ತದ?' ಅಂತ ಕೇಳುವುದಿಲ್ಲವೇ, ಹಾಗೆಯೇ 'ನು ವ ಸುಪರಾತ್ಸ್, ಉಂದೆ ಯೆ ಗಾರಾ?'. ನಾನು ಈ ಮಾತನ್ನು ಮೊದಲ ಸಲ ಕೇಳಿದ್ದು ಕ್ಲುಜ್‌ನ ಒಂದು ಬೇಕರಿಯ ಸಾಲಿನಲ್ಲಿ. ಮುಂದೆ ನಿಂತ ಹೆಂಗಸಿನ ಭುಜದ ಮೇಲಿಂದ ಒಬ್ಬ ಮುದುಕ, ಟೋಪಿ ತೆಗೆದು ಎದೆಗೆ ಒತ್ತಿ ಹಿಡಿದು, ಇದನ್ನಂದು, ಬ್ರೆಡ್ ಬಿಸಿ ಇದೆಯಾ ಅಂತ ಕೇಳಿದರು. ಸಿಟ್ಟು ಮಾಡಬೇಡಿ ಅಂತ ಮುಂಚೆಯೇ ಬೇಡಿಕೊಂಡು ಮಾತು ತೆಗೆಯುವ ಜನ ನಮ್ಮವರಲ್ಲದೆ ಇನ್ನೂ ಇದ್ದಾರಲ್ಲ ಅಂತ ಆವತ್ತು ತುಂಬ ಖುಷಿಯಾಗಿತ್ತು. ಈ ಒಂದು ಮಾತು ಎಲ್ಲ ಪ್ರಾಂತ್ಯಕ್ಕೂ, ಎಲ್ಲ ವಯಸ್ಸಿಗೂ ನಡೆಯುತ್ತದೆ.

ಫೋನಿಗೆ 'ಅಲೋ', ಈಮೇಲಿಗೆ 'ಬುನ ಜ಼ಿವಾ', ಗೆಳೆಯರ ಮೆಸೇಜಿಗೆ 'ಸಲೂತ್' ಅಥವಾ ಬರೀ 'ಬುನ'. ಇವು ದೇಶ ಪೂರ್ತಿ ಒಂದೇ.

ಹಳ್ಳಿಗೆ ಹೋದರೆ ಲೆಕ್ಕ ಬೇರೆ. ಅಲ್ಲಿ ಎದುರಾದವರು ಏನು ಮಾಡುತ್ತಿದ್ದಾರೋ ಅದೇ ನಮಸ್ಕಾರ. ಹುಲ್ಲು ಕೊಯ್ಯುತ್ತಿದ್ದರೆ 'ಸ್ಪೋರ್ ಲಾ ತ್ರ್ಯಾಬ', ಕೆಲಸ ಏಳಿಗೆಯಾಗಲಿ ಅಂತ. ತಿನ್ನುತ್ತಿದ್ದರೆ 'ಪೊಫ್ತ ಬುನ', ದಾರಿಹೋಕರೂ ಅನ್ನಬೇಕು. ಎಲ್ಲೋ ಹೊರಟಿದ್ದರೆ 'ಎಲ್ಲಿಗೆ ಹೊರಟಿರಿ?'. ಇದಕ್ಕೆ ಊರಿನ ಹೆಸರು, ಬಸ್ಸಿನ ಹೊತ್ತು ಹೇಳಬೇಕಾಗಿಲ್ಲ, 'ಹಿಂಗೇ, ಈ ಕಡೆ' ಅಂದರೆ ಸಾಕು. ಕೇಳಿದ್ದು ಸುದ್ದಿಗಲ್ಲ, ನೀವು ಕಣ್ಣಿಗೆ ಬಿದ್ದಿರಿ ಅಂತ ತಿಳಿಸಲಿಕ್ಕೆ. ಉತ್ತರದ ಮರಮುರೇಶ್‌ನಲ್ಲಿ ಪದಗಳ ಕೊನೆಯ ತುಂಡನ್ನೇ ನುಂಗಿ ಮಾತಾಡುತ್ತಾರೆ. 'ವೆನಿತ್', ಅಂದರೆ ಬಂದ, ಅನ್ನುವುದು 'ವಿನಿ'ಗೇ ನಿಂತುಬಿಡುತ್ತದೆ. ಅಪರಿಚಿತ ಹುಡುಗನನ್ನು ಕಂಡರೆ ಹಿರಿಯರು ಹೆಸರು ಕೇಳುವುದಿಲ್ಲ, 'ಅಲ್ ಕುಯ್ ಯೆಶ್ತ್?' ಅನ್ನುತ್ತಾರೆ, 'ನೀ ಯಾರವ?'. ಯಾವೂರು, ಯಾರ ಪೈಕಿ ಅಂತ ನಮ್ಮಲ್ಲಿ ಕೇಳುವ ಹಾಗೆ. ಏನಾದರೂ ಅಚ್ಚರಿ, ಗಾಬರಿ ಇದ್ದರೆ ಮಾತು 'ಯೋಯ್' ಅಂತಲೋ 'ತುಲಾಯ್' ಅಂತಲೋ ಶುರುವಾಗುತ್ತದೆ. 'ಯೋಯ್' ನಮ್ಮ 'ಅಯ್ಯೋ' ಇದ್ದಂತೆಯೇ ಇದೆ. 'ತುಲಾಯ್' ಹಂಗೇರಿಯನ್‌ನ ಕಳ್ಳ ಅನ್ನುವ ಪದದಿಂದ ಬಂದದ್ದು, 'ಕಳ್ಳ, ಕಳ್ಳ' ಅಂತ ಕೂಗುವುದು ಕ್ರಮೇಣ ಯಾವ ಗಾಬರಿಗೂ ಆಯಿತು. ಹಂಗೇರಿಯನ್‌ನದೇ ಇನ್ನೊಂದು ನಿಮಗೆ ಆಫೀಸಿನಲ್ಲೂ ಸಿಗುತ್ತದೆ: 'ಬಾಯ್', ತೊಂದರೆ. 'ಚೆ ಬಾಯ್ ಆಯ್?' ಅಂದರೆ 'ಏನು ತ್ರಾಸಾತು?', 'ನುಯ್ ಬಾಯ್' ಅಂದರೆ 'ತ್ರಾಸೇನಿಲ್ಲ ಬಿಡ್ರಿ'. ಇದನ್ನು ಇವತ್ತೇ ಬಾಯಿಪಾಠ ಮಾಡಿ.

ಟ್ರಾನ್ಸಿಲ್ವೇನಿಯಾದ ಗ್ರೀಕ್ ಕ್ಯಾಥೊಲಿಕ್ (ಪೂಜೆಯ ಕ್ರಮ ಆರ್ಥೊಡಾಕ್ಸ್‌ನದು, ಒಪ್ಪುವುದು ರೋಮಿನ ಪೋಪರನ್ನು) ಹಳ್ಳಿಗಳಲ್ಲಿ ನಮಸ್ಕಾರವೇ ಪ್ರಾರ್ಥನೆ: 'ಲೌದಾತ್ ಸ ಫೀಯೆ ಇಸೂಸ್', ಯೇಸುವಿಗೆ ಸ್ತುತಿ. ಉತ್ತರ 'ಇನ್ ವೆಚ್, ಅಮೀನ್', ಎಂದೆಂದಿಗೂ. 1948ರಲ್ಲಿ ಕಮ್ಯುನಿಸ್ಟ್ ಸರ್ಕಾರ ಆ ಚರ್ಚನ್ನು ನಿಷೇಧಿಸಿತು, 1989ರ ಡಿಸೆಂಬರ್ ಕ್ರಾಂತಿಯ ನಂತರವೇ ಅದು ಮತ್ತೆ ಬಹಿರಂಗವಾಗಿ ಉಸಿರಾಡಿದ್ದು. ನಮಸ್ಕಾರ ಮಾತ್ರ ಮನೆಗಳ ಒಳಗೆ ನಡೆದೇ ಇತ್ತು. ಈಸ್ಟರ್‌ನಿಂದ ನಲವತ್ತು ದಿನ ದೇಶ ತುಂಬ 'ಹ್ರಿಸ್ತೋಸ್ ಆ ಇನ್ವಿಯಾತ್' ಅನ್ನುತ್ತಾರೆ, 'ಅದೆವರಾತ್ ಆ ಇನ್ವಿಯಾತ್' ಅನ್ನುವುದು ಉತ್ತರ. ಕ್ರಿಸ್ತ ಎದ್ದು ಬಂದ, ನಿಜವಾಗಿ ಎದ್ದು ಬಂದ ಅಂತ. ನಿಮ್ಮ ನಂಬಿಕೆ ಏನೇ ಇರಲಿ, ಯಾರಾದರೂ ಅಂದಾಗ ಉತ್ತರ ಕೊಡುವುದು ಸೌಜನ್ಯ. ನಮ್ಮ ಊರಿನಲ್ಲಿ ಎಳ್ಳುಬೆಲ್ಲ ಕೊಟ್ಟಾಗ ಎಲ್ಲರೂ ಕೈಯೊಡ್ಡುವುದಿಲ್ಲವೇ.

ನೀವಿರುವ ಊರಿನ ಬಗ್ಗೆ ಒಂದು ವಿಷಯ. ಈ ಎಲ್ಲ ಭೇದಗಳನ್ನು ಊರೂರು ತಿರುಗಿ ಬರೆದಿಟ್ಟ ಕೆಲಸ ನಡೆದದ್ದು ಕ್ಲುಜ್‌ನಲ್ಲೇ. ಸೆಕ್ಸ್‌ತಿಲ್ ಪುಶ್ಕಾರಿಯು ಎಂಬ ಭಾಷಾಶಾಸ್ತ್ರಜ್ಞರು 1919ರಲ್ಲಿ ಅಲ್ಲಿ ರೊಮೇನಿಯನ್ ಭಾಷೆಯ ಮ್ಯೂಸಿಯಂ ಅಂತ ಒಂದು ಸಂಸ್ಥೆ ಕಟ್ಟಿದರು. 1930ರ ದಶಕದಲ್ಲಿ ಅವರ ಇಬ್ಬರು ಸಂಗಡಿಗರು, ಸೆವೆರ್ ಪೋಪ್ ಮತ್ತು ಎಮಿಲ್ ಪೆತ್ರೋವಿಚ್, ಪ್ರಶ್ನೆಗಳ ಕಟ್ಟು ಹಿಡಿದು ದೇಶ ಸುತ್ತಿದರು. ಪೋಪ್ 301 ಊರುಗಳಿಗೆ ಹೋದರು. ಪೆತ್ರೋವಿಚ್ ಹೋದದ್ದು 85 ಊರುಗಳಿಗೆ, ಆದರೆ ಒಂದೊಂದು ಊರಿನಲ್ಲೂ ಇನ್ನೂ ಆಳವಾಗಿ ಕೆದಕಿದರು. ಹೊಲದಲ್ಲಿ, ಕೊಟ್ಟಿಗೆಯಲ್ಲಿ ಕೂತು ಒಬ್ಬೊಬ್ಬರ ಉಚ್ಚಾರವನ್ನು ಕೈಯಲ್ಲೇ ಬರೆದುಕೊಂಡರು. ನಾನು ಮೇಲೆ 'ಶ' ಆಯಿತು, 'ಗ' ಆಯಿತು ಅಂತ ಧೈರ್ಯವಾಗಿ ಹೇಳುತ್ತಿರುವುದರ ಬುಡದಲ್ಲಿ ಅವರ ಆ ನಡಿಗೆ ಇದೆ.

ಈಗ ನಿಮ್ಮ ಕೆಳಮನೆಯ ಅಜ್ಜಿಯ ವಿಚಾರ. ಅದು ನನಗೆ ಕ್ರಯೋವಾ, ಯಾಶ್‌ಗಿಂತ ಮುಖ್ಯ, ಅವರನ್ನು ನೀವು ದಿನಾ ಮೆಟ್ಟಿಲ ಮೇಲೆ ಕಾಣುವವರು.

ಅವರಿಗೆ ಹೇಳಬೇಕಾದ ಮಾತು 'ಸರೂತ್ ಮಿನ'. 'ನಿಮ್ಮ ಕೈಗೆ ಮುತ್ತಿಡುತ್ತೇನೆ' ಅಂತ. ನಿಜವಾಗಿ ಮುತ್ತಿಡಬೇಕಿಲ್ಲ, ನಾವು 'ಕಾಲಿಗೆ ಬೀಳ್ತೀನ್ರೀ' ಅಂತ ಫೋನಿನಲ್ಲಿ ಅನ್ನುವ ಹಾಗೆ, ಮಾತೇ ಸಾಕು. ಮಕ್ಕಳು ಹಿರಿಯರಿಗೆ, ಗಂಡಸರು ವಯಸ್ಸಾದ ಹೆಂಗಸರಿಗೆ, ಎಲ್ಲರೂ ಪಾದ್ರಿಗೆ ಹೇಳುತ್ತಾರೆ. ಊಟ ಹಾಕಿದ ಮನೆಯ ತಾಯಿಗೆ 'ಸರೂತ್ ಮಿನ ಪೆಂತ್ರು ಮಾಸ', ಊಟಕ್ಕಾಗಿ, ಅನ್ನುವುದು ಒಳ್ಳೆಯ ಮಕ್ಕಳ ಲಕ್ಷಣ. ಮೂವತ್ತರ ಹೆಂಗಸಿಗೆ ಮಾತ್ರ ಅನ್ನಬೇಡಿ, ಅವರಿಗೆ ತಮ್ಮನ್ನು ಮುದುಕಿ ಮಾಡಿದ ಹಾಗೆ ಅನ್ನಿಸೀತು. 'ಮಿನ'ದ ಮೊದಲ ಸ್ವರ ನಾನು ಬರೆದ ಹಾಗೆ 'ಇ' ಅಲ್ಲ, ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ. 'ಇ' ಮತ್ತು 'ಉ' ನಡುವೆ, ತುಟಿ ಗುಂಡಗೆ ಮಾಡದೆ, ಗಂಟಲ ಕಡೆಯಿಂದ ಬರುತ್ತದೆ. ತುಳು ಪದಗಳ ಕೊನೆಗೆ ಬರುವ ಅರ್ಧ 'ಉ' ಇದರ ಹತ್ತಿರದ ನೆಂಟ. ಮಂಗಳೂರು ಕಡೆಯ ಗೆಳೆಯರಿದ್ದರೆ ಒಂದು ಸಲ ಅವರ ಬಾಯಿ ನೋಡಿ ಕಲಿಯಿರಿ.

ನಾಳೆ ಬೆಳಿಗ್ಗೆ ಎದುರಾದಾಗ ಒಂದು ಮೆಟ್ಟಿಲು ಕೆಳಗೆ ನಿಂತು, 'ಸರೂತ್ ಮಿನ, ದ್ವಾಮ್ನ, ಚೆ ಮಾಯ್ ಫಾಚೆತ್ಸ್?' ಅನ್ನಿ. 'ದ್ವಾಮ್ನ' ಅಂದರೆ ಅಮ್ಮಾವ್ರೆ. ಹಿಂದಿನ ದಿನದ ಮಾತಿಗೆ ಕ್ಷಮೆ ಕೇಳಲು ಹೋಗಬೇಡಿ, ಇದರಲ್ಲೇ ಅದು ಬಂತು. ಕೈಯಲ್ಲಿ ಚೀಲ ಇದ್ದರೆ ತೆಗೆದುಕೊಳ್ಳಿ. ನಾಲ್ಕು ದಿನ ಕಳೆದ ಮೇಲೆ ಅವರೇ ಬಾಗಿಲು ತೆರೆದು, ಉದ್ದಕ್ಕೆ ಎಳೆದ ಒಂದು 'ನೊ' ಹಾಕಿ, 'ಸೆರ್ವುಸ್' ಅಂದರೂ ಅಂದಾರು. ಅವರು ನಿಮ್ಮನ್ನು ಏಕವಚನಕ್ಕೆ ಇಳಿಸಿಕೊಂಡರು ಅಂದರೆ ಮನೆಯವನು ಅಂತ ಎಣಿಸಿದರು ಅಂತ ಅರ್ಥ. ಆಗಲೂ ನೀವು 'ಸೆರ್ವುಸ್' ಅನ್ನಬೇಡಿ. ನಿಮ್ಮ ಉತ್ತರ 'ಸರೂತ್ ಮಿನ' ಅಂತಲೇ ಇರಲಿ.